ಸರ್ವರ್ ಡೌನ್ ಅಂದರೆ ಎಲ್ಲಿ ಡೌನ್?

ನಮ್ಮೂರುಗಳಲ್ಲಿ ಎರಡು ಮಾತಿಗೆ ಎದುರು ಮಾತಿಲ್ಲ. ಒಂದು ‘ಕರೆಂಟಿಲ್ಲ’, ಇನ್ನೊಂದು ‘ಸರ್ವರ್ ಇಲ್ಲ’. ಕರೆಂಟಿಲ್ಲ ಅಂದರೆ ಪಕ್ಕದ ಮನೆಯಲ್ಲಿ ದೀಪ ಉರಿಯುತ್ತಿದೆಯಾ ಅಂತ ಇಣುಕಿ ನೋಡುತ್ತೇವೆ, ಟಿ.ಸಿ. ಸುಟ್ಟಿದೆಯಾ ಅಂತ ವಿಚಾರಿಸುತ್ತೇವೆ, ಲೈನ್‌ಮನ್‌ಗೆ ಫೋನ್ ಹಚ್ಚುತ್ತೇವೆ. ಸರ್ವರ್ ಇಲ್ಲ ಅಂದರೆ ಮಾತ್ರ ಏನೂ ಕೇಳುವುದಿಲ್ಲ. ಚೀಲ ಮಡಚಿ ಕಂಕುಳಲ್ಲಿಟ್ಟುಕೊಂಡು ಮನೆಗೆ ಬರುತ್ತೇವೆ. ಯಾಕೆಂದರೆ ಆ ಸರ್ವರ್ ಎಲ್ಲಿದೆ, ಅದನ್ನು ನೋಡಿಕೊಳ್ಳುವವರು ಯಾರು, ಅದು ಕೆಟ್ಟಿದೆ ಅಂತ ಯಾರಿಗೆ ಹೇಳಬೇಕು, ಯಾವುದೂ ನಮಗೆ ಗೊತ್ತಿಲ್ಲ.

ನನಗೆ ಸ್ವಲ್ಪ ಗೊತ್ತು. ಯಾಕೆಂದರೆ ಎರಡು ವರ್ಷ ನಾನು ಅದೇ ಕೆಲಸ ಮಾಡಿದ್ದೇನೆ.

ನಾನು ಪತ್ರಿಕೋದ್ಯಮ ಓದಿದವಳು. ಊರು ಗೌರಿಬಿದನೂರಿನ ಕಡೆ. ಓದು ಮುಗಿಸಿ ಬೆಂಗಳೂರಿಗೆ ಬಂದಾಗ ಪತ್ರಿಕೆಗಳಲ್ಲಿ ಕೆಲಸ ಸಿಗಲಿಲ್ಲ. ಸಿಕ್ಕಿದ್ದು ಹೆಬ್ಬಾಳದ ಹತ್ತಿರ ಒಂದು ಕಂಪನಿಯಲ್ಲಿ. ಅಮೆರಿಕದ ಅಂಗಡಿಗಳ ಸರ್ವರ್‌ಗಳನ್ನು ರಾತ್ರಿ ಪಾಳಿಯಲ್ಲಿ ಕಾಯುವ ಕೆಲಸ. ಅದಕ್ಕೆ ಇಂಜಿನಿಯರಿಂಗ್ ಓದಿರಲೇಬೇಕು ಅಂತೇನೂ ಇರಲಿಲ್ಲ. ಮೂರು ತಿಂಗಳು ತರಬೇತಿ ಕೊಟ್ಟರು. ಕೊಡಿಗೇಹಳ್ಳಿಯಲ್ಲಿ ಮೂವರು ಹುಡುಗಿಯರು ಸೇರಿ ಒಂದು ರೂಮು ಮಾಡಿದ್ದೆವು. ಸಂಜೆ ಕಂಪನಿ ಕ್ಯಾಬ್ ಬರುತ್ತಿತ್ತು, ಬೆಳಿಗ್ಗೆ ತಂದು ಬಿಡುತ್ತಿತ್ತು. ಊರಿಗೆ ಹೋಗಬೇಕಾದರೆ ಯಲಹಂಕದಲ್ಲಿ ಹಿಂದೂಪುರದ ಕಡೆಯ ರೈಲು ಹತ್ತಿದರಾಯಿತು.

‘ಏನು ಕೆಲಸ?’ ಅಂತ ಊರಲ್ಲಿ ಕೇಳಿದರೆ ನಾನು ‘ನೀರುಗಂಟಿ ಕೆಲಸ’ ಅನ್ನುತ್ತಿದ್ದೆ. ತಮಾಷೆಗೆ ಹೇಳಿದ್ದಲ್ಲ. ಕೆರೆ ಕೆಳಗೆ ಗದ್ದೆ ಮಾಡಿದವರಿಗೆ ನೀರುಗಂಟಿ ಗೊತ್ತು. ಕೆರೆಯಲ್ಲಿ ನೀರೆಷ್ಟಿದೆ ನೋಡುತ್ತಾನೆ, ತೂಬು ಎತ್ತುತ್ತಾನೆ, ಕಾಲುವೆ ಉದ್ದಕ್ಕೂ ನಡೆಯುತ್ತಾನೆ, ಎಲ್ಲಿ ಏರಿ ಸೋರುತ್ತಿದೆ, ಯಾರ ಗದ್ದೆಗೆ ನೀರು ಹತ್ತಿಲ್ಲ ಅಂತ ಕಣ್ಣಲ್ಲಿ ನೋಡುತ್ತಾನೆ. ನಮ್ಮ ಕೆಲಸವೂ ಅಷ್ಟೇ. ಒಂದು ಗೋಡೆಯಷ್ಟು ಪರದೆ. ಅದರ ತುಂಬ ಚೌಕ ಚೌಕ. ಹಸಿರಿದ್ದರೆ ಸರಿ, ಹಳದಿಯಾದರೆ ಎಚ್ಚರ, ಕೆಂಪಾದರೆ ಓಡು. ಓಡುವುದು ಅಂದರೆ ಫೋನ್ ಎತ್ತಿ ಮಲಗಿರುವ ಇಂಜಿನಿಯರನ್ನು ಎಬ್ಬಿಸುವುದು.

ಸರ್ವರ್ ಅಂದರೆ ಏನೂ ಮಾಯವಲ್ಲ. ಅದೂ ಒಂದು ಕಂಪ್ಯೂಟರೇ. ಅದಕ್ಕೆ ಬೇರೆಯವರು ಕೇಳಿದ್ದನ್ನು ಹುಡುಕಿ ಕೊಡುವುದೇ ಕೆಲಸ. ದೊಡ್ಡ ಕೆಲಸಕ್ಕೆ ಒಂದೇ ಯಂತ್ರ ಸಾಲುವುದಿಲ್ಲ. ಒಂದು ಕೆಟ್ಟರೆ ಎಲ್ಲ ನಿಂತುಹೋಗಬಾರದು ಅಂತಲೂ ಹತ್ತಾರು, ನೂರಾರು ಯಂತ್ರಗಳನ್ನು ಸೇರಿಸಿ ಒಂದೇ ಯಂತ್ರದಂತೆ ದುಡಿಸುತ್ತಾರೆ. ಅದಕ್ಕೆ ಕ್ಲಸ್ಟರ್ ಅನ್ನುತ್ತಾರೆ. ಯಶವಂತಪುರದ ಪಕ್ಕದಲ್ಲೇ ಇರುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ‘ಪರಮ್ ಪ್ರವೇಗ’ ಅನ್ನುವ ಸೂಪರ್ ಕಂಪ್ಯೂಟರ್ ಕೂರಿಸಿದರು. ಅದರ ಶಕ್ತಿ 3.3 ಪೆಟಾಫ್ಲಾಪ್, ಅಂದರೆ ಸೆಕೆಂಡಿಗೆ ಸುಮಾರು 3,300 ಲಕ್ಷ ಕೋಟಿ ಲೆಕ್ಕ. ಅದೂ ಒಂದೇ ಪೆಟ್ಟಿಗೆಯಲ್ಲ, ಬಹಳಷ್ಟು ಕಂಪ್ಯೂಟರ್‌ಗಳು ಹೆಗಲು ಕೊಟ್ಟು ನಿಂತ ಕ್ಲಸ್ಟರೇ.

ಕ್ಲಸ್ಟರ್‌ನಲ್ಲಿ ಯಾವ ಯಂತ್ರ ಬದುಕಿದೆ, ಯಾವುದು ಸತ್ತಿದೆ ಅಂತ ತಿಳಿಯುವುದು ಹೇಗೆ? ಕಡಲೆಕಾಯಿ ಹೊಲಕ್ಕೆ ಹಂದಿ ಬರದಂತೆ ರಾತ್ರಿ ಕಾಯುವವರು ಒಂದು ಅಟ್ಟಣೆಯಿಂದ ಇನ್ನೊಂದು ಅಟ್ಟಣೆಗೆ ಕೂಗು ಹಾಕುತ್ತಾರಲ್ಲ, ಹಾಗೆ. ಯಂತ್ರಗಳು ಸೆಕೆಂಡಿಗೊಮ್ಮೆಯೋ ಎರಡು ಸೆಕೆಂಡಿಗೊಮ್ಮೆಯೋ ‘ಇದ್ದೀಯಾ?’, ‘ಇದ್ದೀನಿ’ ಅಂತ ಒಂದಕ್ಕೊಂದು ಕೂಗಿಕೊಳ್ಳುತ್ತವೆ. ಇದಕ್ಕೆ ಹಾರ್ಟ್‌ಬೀಟ್, ಎದೆಬಡಿತ ಅಂತ ಹೆಸರು. ಒಂದು ಸಲ ಓಗೊಡದಿದ್ದರೆ ಸತ್ತಿತು ಅಂತ ತೀರ್ಮಾನ ಮಾಡುವುದಿಲ್ಲ. ಮೂರ್ನಾಲ್ಕು ಸಲ ಕೂಗಿಯೂ ಉತ್ತರ ಬರದಿದ್ದರೆ ಅದರ ಕೆಲಸವನ್ನು ಉಳಿದವು ಹಂಚಿಕೊಳ್ಳುತ್ತವೆ.

ಇಲ್ಲೊಂದು ಅಪಾಯವಿದೆ. ಯಂತ್ರಗಳೆಲ್ಲ ಚೆನ್ನಾಗಿಯೇ ಇದ್ದು, ನಡುವಿನ ತಂತಿ ಮಾತ್ರ ಕಡಿದುಹೋದರೆ? ಈ ಕಡೆಯವು ‘ಆ ಕಡೆಯವು ಸತ್ತವು’ ಅಂದುಕೊಳ್ಳುತ್ತವೆ, ಆ ಕಡೆಯವು ‘ಇವು ಸತ್ತವು’ ಅಂದುಕೊಳ್ಳುತ್ತವೆ. ಎರಡೂ ಕಡೆ ಯಜಮಾನಿಕೆ ಶುರುವಾದರೆ ಒಂದೇ ಖಾತೆಗೆ ಎರಡು ಲೆಕ್ಕ ಹುಟ್ಟುತ್ತದೆ. ಅದಕ್ಕೇ ಅರ್ಧಕ್ಕಿಂತ ಹೆಚ್ಚು ಯಂತ್ರಗಳು ಯಾವ ಕಡೆ ಇವೆಯೋ ಆ ಕಡೆಗೆ ಮಾತ್ರ ಬರೆಯುವ ಅಧಿಕಾರ. ಪಂಚಾಯ್ತಿ ಸಭೆಗೆ ಕೋರಂ ಇರುವ ಹಾಗೆ ಇದಕ್ಕೂ ಕೋರಂ ಅಂತಲೇ ಹೆಸರು. ಸಮ ಪಾಲಾಗಿ ಒಡೆಯಬಾರದು ಅಂತಲೇ 3, 5, 7 ಹೀಗೆ ಬೆಸ ಸಂಖ್ಯೆಯಲ್ಲಿ ಇಡುತ್ತಾರೆ.

ತರಬೇತಿಯಲ್ಲಿ ನಮಗೆ ಮೊದಲು ಹೇಳಿಕೊಟ್ಟ ಪಾಠ ಒಂದಿದೆ. ಆರೋಗ್ಯ ಬೇರೆ, ಲಭ್ಯತೆ ಬೇರೆ. ಯಂತ್ರ ಬಿಸಿಯಾಗಿಲ್ಲ, ಡಿಸ್ಕ್ ತುಂಬಿಲ್ಲ, ಮೆಮೊರಿ ಇದೆ, ಇದೆಲ್ಲ ಆರೋಗ್ಯ. ಕೇಳಿದವರಿಗೆ ಕೇಳಿದ್ದು ಹೊತ್ತಿಗೆ ಸರಿಯಾಗಿ ಸಿಕ್ಕಿತಾ ಅನ್ನುವುದು ಲಭ್ಯತೆ. ಗಟ್ಟಿಮುಟ್ಟಾದ ಡಾಕ್ಟರು ಆಸ್ಪತ್ರೆಯಲ್ಲೇ ಇದ್ದು, ಗೇಟಿಗೆ ಬೀಗ ಹಾಕಿದ್ದರೆ ರೋಗಿಗೆ ಏನು ಉಪಯೋಗ? ಅದಕ್ಕೇ ಸುಮ್ಮನೆ ‘ಇದ್ದೀಯಾ’ ಅಂತ ಕೇಳಿದರೆ ಸಾಲದು. ಮಲಗಿದವನೂ ನಿದ್ದೆಗಣ್ಣಲ್ಲಿ ‘ಹೂಂ’ ಅನ್ನುತ್ತಾನೆ. ಡಿಸ್ಕ್ ಪೂರ್ತಿ ತುಂಬಿ ಒಂದಕ್ಷರ ಬರೆಯಲಾಗದ ಯಂತ್ರವೂ ‘ಇದ್ದೀನಿ’ ಅನ್ನುತ್ತದೆ. ಹಾಗಾಗಿ ನಮ್ಮ ತಂಡ ಒಂದು ಸುಳ್ಳು ಗಿರಾಕಿಯನ್ನು ಮಾಡಿಟ್ಟಿತ್ತು. ಆ ಪ್ರೋಗ್ರಾಂ ಐದು ನಿಮಿಷಕ್ಕೊಮ್ಮೆ ನಿಜವಾದ ಗಿರಾಕಿಯಂತೆ ಅಂಗಡಿಯೊಳಗೆ ಹೋಗಿ, ಸಾಮಾನು ಆರಿಸಿ, ಬಿಲ್ಲಿನವರೆಗೂ ಹೋಗಿ ವಾಪಸ್ ಬರುತ್ತಿತ್ತು. ಎಲ್ಲ ಚೌಕಗಳೂ ಹಸಿರಿದ್ದು ಈ ಸುಳ್ಳು ಗಿರಾಕಿಯೊಬ್ಬ ಬರಿಗೈಲಿ ಬಂದರೆ ನಾವು ನಂಬುತ್ತಿದ್ದದ್ದು ಅವನನ್ನೇ.

ಈ ಕೆಲಸಕ್ಕೆ ದುಬಾರಿ ಸಾಮಾನು ಬೇಕಿಲ್ಲ. ನಾಗಿಯೋಸ್ ಅನ್ನುವ ತಂತ್ರಾಂಶವನ್ನು ಈಥನ್ ಗಾಲ್‌ಸ್ಟಾಡ್ ಅನ್ನುವವರು 1999ರಲ್ಲಿ ನೆಟ್‌ಸೇಂಟ್ ಅಂತ ಬೇರೆ ಹೆಸರಿನಲ್ಲಿ ಹೊರತಂದರು. ಪ್ರೊಮಿಥಿಯಸ್ ಅನ್ನುವುದು 2012ರಲ್ಲಿ ಸೌಂಡ್‌ಕ್ಲೌಡ್ ಅನ್ನುವ ಹಾಡಿನ ಕಂಪನಿಯಲ್ಲಿ ಶುರುವಾಯಿತು. ಇಂದಿಗೂ ಯಾರು ಬೇಕಾದರೂ ದುಡ್ಡಿಲ್ಲದೆ ಇಳಿಸಿಕೊಂಡು ಬಳಸಬಹುದು. ಕಷ್ಟವಿರುವುದು ತಂತ್ರಾಂಶದಲ್ಲಲ್ಲ, ಯಾವುದಕ್ಕೆ ಗಂಟೆ ಬಾರಿಸಬೇಕು ಅಂತ ತೀರ್ಮಾನಿಸುವುದರಲ್ಲಿ. ಸಣ್ಣಪುಟ್ಟದ್ದಕ್ಕೆಲ್ಲ ಬಾರಿಸಿದರೆ ‘ಹುಲಿ ಬಂತು ಹುಲಿ’ ಕಥೆ. ಜನ ಕಿವಿಗೊಡುವುದನ್ನೇ ಬಿಡುತ್ತಾರೆ. ಬಾರಿಸದೇ ಇದ್ದರೆ ಗಿರಾಕಿಯೇ ಫೋನ್ ಮಾಡಿ ಬೈಯುತ್ತಾನೆ.

ಇನ್ನೊಂದು ಲೆಕ್ಕ ನೀವು ತಿಳಿದಿರಬೇಕು. ಕಂಪನಿಗಳು, ಇಲಾಖೆಗಳು ‘ನಮ್ಮ ಸರ್ವರ್ ಶೇ. 99 ಲಭ್ಯ’ ಅನ್ನುತ್ತವೆ. ಪರೀಕ್ಷೆಯಲ್ಲಿ 99 ಬಂದರೆ ನಾವು ಸಿಹಿ ಹಂಚುತ್ತೇವೆ. ಸರ್ವರ್‌ಗೆ 99 ಅಂದರೆ ವರ್ಷದಲ್ಲಿ ಮೂರೂವರೆ ದಿನಕ್ಕಿಂತ ಹೆಚ್ಚು ಹೊತ್ತು ಬಾಗಿಲು ಮುಚ್ಚಿತ್ತು ಅಂತ. ಶೇ. 99.9 ಅಂದರೆ ವರ್ಷಕ್ಕೆ ಸುಮಾರು 8 ಗಂಟೆ 45 ನಿಮಿಷ. ಶೇ. 99.99 ಅಂದರೆ ಸುಮಾರು 53 ನಿಮಿಷ. ಇನ್ನೊಂದು 9 ಸೇರಿಸಿದರೆ ಐದು ನಿಮಿಷ ಚಿಲ್ಲರೆ. ಒಂದೊಂದು 9 ಹೆಚ್ಚಿಸುವುದಕ್ಕೂ ಖರ್ಚು ಏರುತ್ತದೆ. ಎರಡನೇ ವಿದ್ಯುತ್ ಲೈನು, ಜನರೇಟರು, ಬೇರೆ ಊರಲ್ಲಿ ಇನ್ನೊಂದು ಕೇಂದ್ರ, ರಾತ್ರಿಯಿಡೀ ಕಣ್ಣು ಬಿಟ್ಟು ಕೂರುವ ನಮ್ಮಂಥವರು.

ಆ ಮೂರೂವರೆ ದಿನ ಯಾವಾಗ ಬಂತು ಅನ್ನುವುದೂ ಮುಖ್ಯ. ರಾತ್ರಿ ಎರಡು ಗಂಟೆಗೆ ಹಂಚಿಹೋದರೆ ಯಾರಿಗೂ ತಿಳಿಯುವುದಿಲ್ಲ. ಅರ್ಜಿಗೆ ಕೊನೆಯ ದಿನ ಬಂದರೆ? ತಿಂಗಳ ಕೊನೆಯ ವಾರ ಬಂದರೆ?

ನನಗೆ ಊರಿನಿಂದ ಅಮ್ಮನ ಫೋನ್ ಬಂದದ್ದು ಅಂಥದೇ ತಿಂಗಳ ಕೊನೆಯ ವಾರ. ಪಾಳಿ ಮುಗಿಸಿ ಬಂದು ಮಲಗಿದ್ದೆ.

“ಮೂರು ದಿನದಿಂದ ಅಜ್ಜೀನ ವಾಪಸ್ ಕಳಿಸ್ತಾವ್ರೆ ಕಣೆ. ಸರ್ವರ್ ಇಲ್ವಂತೆ. ನೀನು ಅದೇ ಕೆಲ್ಸ ಅಲ್ವಾ ಮಾಡೋದು? ಒಸಿ ನೋಡಬಾರ್ದಾ?”

ನಗು ಬಂತು. ನಾನು ಕಾಯುವುದು ಅಮೆರಿಕದ ಬಟ್ಟೆ ಅಂಗಡಿಯ ಸರ್ವರ್ ಅಂತ ಅಮ್ಮನಿಗೆ ಹೇಗೆ ಹೇಳುವುದು? ಆದರೆ ಅಜ್ಜಿ ಪಾಲಿಗೆ ಅದು ನಗುವ ವಿಷಯವಾಗಿರಲಿಲ್ಲ. ಅವಳ ಕಾರ್ಡಿನಲ್ಲಿ ಇರುವುದು ಅವಳೊಬ್ಬಳೇ. ತಿಂಗಳು ಮುಗಿದರೆ ಆ ತಿಂಗಳ ಅಕ್ಕಿ ಹೋದಂತೆಯೇ ಅಂತ ಊರಲ್ಲಿ ಎಲ್ಲರಿಗೂ ಗೊತ್ತು. ರೇಷನ್ ಅಂಗಡಿ ಇರುವುದು ಪಕ್ಕದೂರಲ್ಲಿ. ಮೂರು ದಿನ ನಡೆದು ಹೋಗಿ, ಮೂರು ದಿನವೂ ಮಧ್ಯಾಹ್ನದವರೆಗೆ ಕೂತು, ಖಾಲಿ ಚೀಲದಲ್ಲಿ ಬಂದಿದ್ದಳು. ಮೂರು ದಿನದ ಹುಣಸೆಹಣ್ಣು ಕುಟ್ಟುವ ಕೂಲಿಯೂ ಹೋಗಿತ್ತು.

ವಿಚಿತ್ರ ಏನೆಂದರೆ ಅಜ್ಜಿಯ ಹೆಬ್ಬೆಟ್ಟು ಹೋಗಿ ತಲುಪಬೇಕಾದ ಜಾಗಗಳಲ್ಲಿ ಒಂದು ನನ್ನ ರೂಮಿಗೆ ಕೂಗಳತೆಯಲ್ಲಿತ್ತು. ಆಧಾರ್ ಪ್ರಾಧಿಕಾರಕ್ಕೆ ಎರಡು ದತ್ತಾಂಶ ಕೇಂದ್ರಗಳಿವೆ. ಒಂದು ಹರಿಯಾಣದ ಮಾನೇಸರ, ಇನ್ನೊಂದು ಇಲ್ಲೇ ಹೆಬ್ಬಾಳ–ಕೊಡಿಗೇಹಳ್ಳಿ ಕಡೆ, ಟಾಟಾ ನಗರದಲ್ಲಿ. 2010ರ ಸೆಪ್ಟೆಂಬರ್ 29ರಂದು ಮಹಾರಾಷ್ಟ್ರದ ನಂದುರ್‌ಬಾರ್ ಜಿಲ್ಲೆಯ ಟೆಂಭ್ಲಿ ಅನ್ನುವ ಹಳ್ಳಿಯಲ್ಲಿ ಮೊದಲ ಆಧಾರ್ ಸಂಖ್ಯೆ ಕೊಟ್ಟರು. ಅಲ್ಲಿಂದ ಈಚೆಗೆ ದೇಶದ ನೂರು ಕೋಟಿಗೂ ಹೆಚ್ಚು ಜನರ ಬೆರಳು, ಕಣ್ಣಿನ ಗುರುತು ಈ ಕೇಂದ್ರಗಳಿಗೆ ಸೇರಿದೆ. 2018ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಆಧಾರ್ ವಿಚಾರಣೆ ನಡೆಯುವಾಗ, ಈ ಮಾಹಿತಿ 13 ಅಡಿ ಎತ್ತರ, 5 ಅಡಿ ದಪ್ಪದ ಗೋಡೆಯ ಹಿಂದೆ ಭದ್ರವಾಗಿದೆ ಅಂತ ಸರ್ಕಾರದ ಅಟಾರ್ನಿ ಜನರಲ್ ಹೇಳಿದ್ದು ಪತ್ರಿಕೆಗಳಲ್ಲೆಲ್ಲ ಬಂದಿತ್ತು. ನಾನು ಹಾಲು ತರಲು ಹೋಗುವಾಗ ಆ ಕಡೆಯೇ ಹಾದುಹೋಗುತ್ತಿದ್ದೆ.

ರೇಷನ್ ಅಂಗಡಿಯಲ್ಲಿ ಅಜ್ಜಿ ಬೆರಳಿಟ್ಟರೆ ಆಗುವುದು ಇಷ್ಟು. ಮಷೀನು ಬೆರಳಿನ ಗುರುತನ್ನು ಓದಿ, ಗುಟ್ಟಿನ ಲಿಪಿಗೆ ತಿರುಗಿಸಿ, ಸಿಮ್ಮಿನ ಮೂಲಕ ಊರ ಟವರಿಗೆ ಕಳಿಸುತ್ತದೆ. ಅಲ್ಲಿಂದ ರಾಜ್ಯದ ಪಡಿತರ ವ್ಯವಸ್ಥೆಗೆ, ಅಲ್ಲಿಂದ ಪರವಾನಗಿ ಪಡೆದ ಸಂಸ್ಥೆಯ ಮೂಲಕ ಆಧಾರ್ ಕೇಂದ್ರಕ್ಕೆ. ಅಲ್ಲಿ ಗುರುತು ಹೋಲಿಸಿ ‘ಹೌದು’ ಅಥವಾ ‘ಇಲ್ಲ’ ಅನ್ನುತ್ತಾರೆ. ಆ ಉತ್ತರ ಬಂದ ದಾರಿಯಲ್ಲೇ ವಾಪಸ್ ಅಂಗಡಿಗೆ. ಎಲ್ಲ ಸರಿಯಿದ್ದರೆ ಕೆಲವೇ ಸೆಕೆಂಡಿನ ಕೆಲಸ. ದಾರಿಯಲ್ಲಿ ಎಲ್ಲಿ ಕಡಿದರೂ ಅಂಗಡಿಯವರ ಬಾಯಲ್ಲಿ ಬರುವುದು ಒಂದೇ ಮಾತು, ‘ಸರ್ವರ್ ಇಲ್ಲ’.

ಅಜ್ಜಿಯ ಆಧಾರ್‌ಗೆ ನನ್ನ ನಂಬರೇ ಜೋಡಿಸಿತ್ತು. ಆಧಾರ್ ವೆಬ್‌ಸೈಟಿನಲ್ಲಿ ‘ದೃಢೀಕರಣ ಇತಿಹಾಸ’ ಅಂತ ಒಂದು ಸೌಲಭ್ಯವಿದೆ. ಕಳೆದ ಆರು ತಿಂಗಳಲ್ಲಿ ನಿಮ್ಮ ಬೆರಳು ಯಾವಾಗ ಯಾವಾಗ ಅಲ್ಲಿಗೆ ತಲುಪಿತು, ಗೆದ್ದಿತೋ ಸೋತಿತೋ, ಸೋತರೆ ಯಾವ ನಂಬರಿನ ತಪ್ಪು ಅಂತ ಅಲ್ಲಿ ಕಾಣುತ್ತದೆ. ಒಟಿಪಿ ಹಾಕಿ ತೆಗೆದು ನೋಡಿದೆ.

ಮೊದಲ ದಿನ ಏನೂ ಇಲ್ಲ. ಎರಡನೇ ದಿನವೂ ಏನೂ ಇಲ್ಲ. ಮೂರನೇ ದಿನ ಮಾತ್ರ ನಾಲ್ಕು ಸಾಲು. ನಾಲ್ಕಕ್ಕೂ ಒಂದೇ ನಂಬರು, 300. ಅಂದರೆ ಬೆರಳಿನ ಗುರುತು ಹೊಂದಲಿಲ್ಲ.

ಮರುದಿನ ರಜೆ ಹಾಕಿ ರೈಲು ಹತ್ತಿದೆ. ಓದಿದ ಪತ್ರಿಕೋದ್ಯಮ ಮೊದಲ ಸಲ ಕೆಲಸಕ್ಕೆ ಬಂತು. ಅಂಗಡಿಯ ಮುಂದೆ ಕೂತು ಎಲ್ಲರನ್ನೂ ವಿಚಾರಿಸಿದೆ. ಮೊದಲ ದಿನ ಬೆಳಿಗ್ಗೆಯಿಂದ ಕರೆಂಟು ಹೋಗಿತ್ತು, ಟವರಿನ ಬ್ಯಾಟರಿ ಇಳಿದು ಇಡೀ ಊರಿನ ಫೋನುಗಳೇ ಸತ್ತಿದ್ದವು. ಅದನ್ನು ಹೇಳಿದ್ದು ಪಕ್ಕದ ಚಿಲ್ಲರೆ ಅಂಗಡಿಯವರು. ಎರಡನೇ ದಿನ ಮಷೀನಿನ ಸಿಮ್ಮಿನಲ್ಲಿ ಡೇಟಾ ಮುಗಿದಿತ್ತು. ಅದನ್ನು ಅಂಗಡಿಯವರೇ ಒಪ್ಪಿಕೊಂಡರು. ಮೂರನೇ ದಿನ ಟವರೂ ಇತ್ತು, ಡೇಟಾವೂ ಇತ್ತು, ಆ ಕಡೆಯ ಸರ್ವರೂ ಇತ್ತು. ಹುಣಸೆಹಣ್ಣು ಕುಟ್ಟಿ ಕುಟ್ಟಿ ಸವೆದ ಅಜ್ಜಿಯ ಹೆಬ್ಬೆಟ್ಟಿನಲ್ಲಿ ಗೆರೆ ಇರಲಿಲ್ಲ.

“ನನ್ ಬೆರಳು ನಂದಲ್ಲ ಅಂತದೆ ಮಿಷಿನ್ನು” ಅಂದಳು ಅಜ್ಜಿ.

ಮೂರು ದಿನ, ಮೂರು ಕಾರಣ, ಮೂರಕ್ಕೂ ಮದ್ದು ಬೇರೆ ಬೇರೆ. ಟವರಿಗೆ ಮೊಬೈಲ್ ಕಂಪನಿ, ಡೇಟಾಗೆ ಇನ್ನೂರು ಮುನ್ನೂರು ರೂಪಾಯಿಯ ರೀಚಾರ್ಜು, ಬೆರಳಿಗೆ ಬೇರೆ ಬೆರಳು. ಆದರೆ ಹೆಸರು ಮಾತ್ರ ಒಂದೇ ಇಟ್ಟಿದ್ದರಿಂದ ಯಾವುದಕ್ಕೂ ಯಾರೂ ಮದ್ದು ಮಾಡಿರಲಿಲ್ಲ. ಆವತ್ತು ಹತ್ತು ಬೆರಳನ್ನೂ ಒಂದೊಂದಾಗಿ ಸೀರೆ ಸೆರಗಲ್ಲಿ ಒರೆಸಿ ಇಡಿಸಿದೆವು. ಎಡಗೈಯ ಉಂಗುರ ಬೆರಳು ಹೊಂದಿತು. ಅಕ್ಕಿ ಸಿಕ್ಕಿತು. ಸಾಲಿನಲ್ಲಿ ಅವಳ ಹಿಂದೆ ಇದ್ದ ಇನ್ನೊಬ್ಬ ಅಜ್ಜಿಗೆ ಯಾವ ಬೆರಳೂ ಹೊಂದಲಿಲ್ಲ. ಆಕೆಯ ಆಧಾರ್‌ಗೆ ಯಾರ ಫೋನೂ ಜೋಡಿಸಿರಲಿಲ್ಲ. ಆಕೆ ಆ ತಿಂಗಳು ಅಕ್ಕಿ ಕಾಣಲಿಲ್ಲ.

ಇದು ಅವರಿಬ್ಬರ ಕಥೆಯಷ್ಟೇ ಅಲ್ಲ. ಸರ್ಕಾರಿ ಸೇವೆಗಳಲ್ಲಿ ದೃಢೀಕರಣ ಗೆಲ್ಲುವುದು ಶೇ. 88ರಷ್ಟು ಅಂತ 2018ರಲ್ಲಿ ಆಧಾರ್ ಪ್ರಾಧಿಕಾರದ ಮುಖ್ಯಸ್ಥರೇ ಸುಪ್ರೀಂ ಕೋರ್ಟಿಗೆ ತಿಳಿಸಿದ್ದರು. ಎಂಟು ಸಲ ಬೆರಳಿಟ್ಟರೆ ಹತ್ತಿರ ಹತ್ತಿರ ಒಂದು ಸಲ ಸೋಲು. ನಮ್ಮ ಕಂಪನಿಯಲ್ಲಿ ಎಂಟರಲ್ಲಿ ಒಬ್ಬ ಗಿರಾಕಿ ಬರಿಗೈಲಿ ಹೋದರೆ ಇಡೀ ಗೋಡೆ ಕೆಂಪಾಗುತ್ತಿತ್ತು.

ಹಾಗಂತ ಸರ್ವರ್ ಯಾವಾಗಲೂ ನಿರಪರಾಧಿ ಅಂತಲ್ಲ. ನಿಜವಾಗಿಯೂ ಬೀಳುತ್ತದೆ. 2021ರ ಏಪ್ರಿಲ್ 28ರ ಸಂಜೆ 4 ಗಂಟೆಗೆ 18 ದಾಟಿದವರ ಕೋವಿಡ್ ಲಸಿಕೆಗೆ ಹೆಸರು ಬರೆಸುವುದು ಶುರುವಾದಾಗ ಕೋವಿನ್ ಮುಗ್ಗರಿಸಿದ್ದು ನೆನಪಿರಬಹುದು. ದೇಶವೇ ಒಂದೇ ಬಾಗಿಲಿಗೆ ಒಂದೇ ನಿಮಿಷದಲ್ಲಿ ನುಗ್ಗಿತ್ತು. ಅದೇ ವರ್ಷ ಅಕ್ಟೋಬರ್ 4ರ ರಾತ್ರಿ 9 ಗಂಟೆ ದಾಟಿದ ಮೇಲೆ ವಾಟ್ಸಾಪ್, ಫೇಸ್‌ಬುಕ್ ಎರಡೂ ಸತ್ತು, ನಾವೆಲ್ಲ ಫೋನ್ ಆಫ್ ಮಾಡಿ ಆನ್ ಮಾಡಿ ಸುಸ್ತಾಗಿ ಮಲಗಿದೆವು. ಸುಮಾರು ಆರು ಗಂಟೆ ಹಾಗೇ ಇತ್ತು. ಅವರ ಸರ್ವರ್‌ಗಳೇನೂ ಸುಟ್ಟಿರಲಿಲ್ಲ. ದುರಸ್ತಿಯ ಹೊತ್ತಿನಲ್ಲಿ ಕೊಟ್ಟ ಒಂದು ತಪ್ಪು ಆದೇಶದಿಂದ ಅವರ ಕೇಂದ್ರಗಳ ನಡುವಿನ ಸಂಪರ್ಕ ಕಡಿದು, ಆ ಸರ್ವರ್‌ಗಳಿಗೆ ಹೋಗುವ ದಾರಿಯೇ ಜಗತ್ತಿನ ಇಂಟರ್ನೆಟ್ ನಕ್ಷೆಯಿಂದ ಅಳಿಸಿಹೋಗಿತ್ತು. ಕಾಯುವವರ ಉಪಕರಣಗಳೂ ಅದೇ ದಾರಿಯನ್ನು ನಂಬಿದ್ದರಿಂದ ಅವೂ ಕುರುಡಾದವು. ನಮ್ಮ ತರಬೇತಿಯಲ್ಲಿ ಇದನ್ನು ಪಾಠವಾಗಿಯೇ ಇಟ್ಟಿದ್ದರು. ಕಾವಲುಗಾರನನ್ನು ಕಾಯುವ ಮನೆಯೊಳಗೇ ಕೂಡಿಹಾಕಬಾರದು, ಮನೆ ಬಿದ್ದರೆ ಕೂಗುವವರೇ ಇರುವುದಿಲ್ಲ.

2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಅನ್ನುವ ಭದ್ರತಾ ಕಂಪನಿ ಕಳಿಸಿದ ಒಂದು ಕೆಟ್ಟ ಅಪ್‌ಡೇಟಿನಿಂದ ಜಗತ್ತಿನಲ್ಲಿ ಸುಮಾರು 85 ಲಕ್ಷ ಕಂಪ್ಯೂಟರ್‌ಗಳು ನೀಲಿ ಪರದೆ ತೋರಿಸಿ ಕೂತವು. ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಪೆನ್ನಿನಲ್ಲಿ ಬರೆದುಕೊಟ್ಟರು. ಗಮನಿಸಿ, ವಿಮಾನ ಹತ್ತುವವರಿಗೆ ‘ಸರ್ವರ್ ಇಲ್ಲ, ನಾಳೆ ಬನ್ನಿ’ ಅಂತ ಎಲ್ಲರನ್ನೂ ಕಳಿಸಲಿಲ್ಲ. ಪೆನ್ನು ತೆಗೆದರು, ಕೈಯಲ್ಲಿ ಬರೆದರು, ಆದಷ್ಟು ಜನರನ್ನು ಹತ್ತಿಸಿದರು.

ರೇಷನ್ ಅಂಗಡಿಯಲ್ಲೂ ಪೆನ್ನಿಗೆ ಅವಕಾಶವಿದೆ. ಇದು ನನಗೆ ಆಮೇಲೆ ತಿಳಿಯಿತು. 2017ರ ಅಕ್ಟೋಬರ್ 24ರಂದು ಆಧಾರ್ ಪ್ರಾಧಿಕಾರವೇ ಒಂದು ಸುತ್ತೋಲೆ ಹೊರಡಿಸಿದೆ. ಬೆರಳು ಹೊಂದಲಿಲ್ಲ, ನೆಟ್‌ವರ್ಕ್ ಇಲ್ಲ ಅನ್ನುವ ಕಾರಣಕ್ಕೆ ಅರ್ಹರಿಗೆ ಪಡಿತರ ನಿರಾಕರಿಸಬಾರದು, ಬೇರೆ ರೀತಿಯಲ್ಲಿ ಗುರುತು ಖಚಿತಪಡಿಸಿಕೊಂಡು ಕೊಡಬೇಕು, ಅದನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು ಅಂತ. ಆ ಸುತ್ತೋಲೆ ನಮ್ಮೂರ ಅಂಗಡಿಯವರಿಗೂ ಗೊತ್ತಿರಲಿಲ್ಲ.

ಮತ್ತೆ ಕೆಲಸಕ್ಕೆ ಬಂದ ರಾತ್ರಿ ಒಂದು ಘಟನೆ ನಡೆಯಿತು. ನಮ್ಮ ಅಂಗಡಿ ಸರ್ವರಿನ ಬಿಲ್ಲಿಂಗ್ ನಾಲ್ಕು ನಿಮಿಷ ನಿಧಾನವಾಯಿತು. ನಿಲ್ಲಲಿಲ್ಲ, ನಿಧಾನವಾಯಿತು ಅಷ್ಟೇ. ಗಂಟೆ ಬಾರಿಸಿತು. ಎರಡು ದೇಶಗಳಲ್ಲಿ ಹದಿನೆಂಟು ಜನ ಎದ್ದು ಫೋನಿನಲ್ಲಿ ಸೇರಿದರು. ಬೆಳಿಗ್ಗೆಯೊಳಗೆ ಎಷ್ಟು ಹೊತ್ತಿಗೆ ಶುರುವಾಯಿತು, ಎಷ್ಟು ಗಿರಾಕಿಗಳಿಗೆ ತೊಂದರೆಯಾಯಿತು, ಕಾರಣ ಏನು, ಮತ್ತೆ ಆಗದಂತೆ ಏನು ಮಾಡುತ್ತೀರಿ ಅಂತ ಎರಡು ಪುಟದ ವರದಿ ತಯಾರಾಯಿತು. ಯಾರನ್ನೂ ಬೈಯಲಿಲ್ಲ. ಕಾರಣ ಸಿಗುವವರೆಗೆ ಬಿಡಲೂ ಇಲ್ಲ.

ಅಜ್ಜಿಯ ಮೂರು ದಿನಕ್ಕೆ ಒಂದು ಗಂಟೆಯೂ ಬಾರಿಸಿರಲಿಲ್ಲ. ಬಾರಿಸಲು ಸಾಧ್ಯವೂ ಇರಲಿಲ್ಲ. ಮೊದಲ ಎರಡು ದಿನ ಅವಳ ಬೆರಳು ಆ ಕಡೆಗೆ ತಲುಪಲೇ ಇಲ್ಲ. ತಲುಪದ್ದನ್ನು ಯಾವ ಸರ್ವರೂ ಎಣಿಸುವುದಿಲ್ಲ. ದೂರದ ಪರದೆಯಲ್ಲಿ ಆ ಎರಡೂ ದಿನ ಎಲ್ಲ ಹಸಿರೇ ಇದ್ದಿರಬೇಕು. ತೂಬಿನ ಹತ್ತಿರ ನಿಂತು ನೋಡಿದವನಿಗೆ ನೀರು ಧಾರಾಳವಾಗಿ ಹೋಗುತ್ತಿದೆ. ಕಾಲುವೆ ಕೊನೆಯ ಗದ್ದೆ ಒಣಗಿದ್ದು ಕಾಣಬೇಕಾದರೆ ನಡೆದು ಹೋಗಬೇಕು.

ಹಳೆಯದೇ ಒಳ್ಳೆಯದಿತ್ತು ಅಂತ ನಾನು ಹೇಳುತ್ತಿಲ್ಲ. ನಮ್ಮಪ್ಪ ಕೈಬರಹದ ಪಹಣಿಗೆ ಗ್ರಾಮ ಲೆಕ್ಕಿಗರ ಹಿಂದೆ ಅಲೆದ ಕಥೆ ಕೇಳುತ್ತಲೇ ನಾನು ಬೆಳೆದದ್ದು. ಆಗ ಸಿಗುತ್ತಿದ್ದ ಉತ್ತರ ‘ಸಾಹೇಬ್ರು ಊರಲ್ಲಿಲ್ಲ’. ಸುಮಾರು 2000ದಿಂದ ಭೂಮಿ ಯೋಜನೆ ಬಂದು 67 ಲಕ್ಷ ರೈತರ 2 ಕೋಟಿಯಷ್ಟು ದಾಖಲೆ ಕಂಪ್ಯೂಟರಿಗೆ ಹೋಯಿತು. 15 ರೂಪಾಯಿಗೆ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಪಹಣಿ ಸಿಗತೊಡಗಿತು. ಅದು ದೊಡ್ಡ ಬಿಡುಗಡೆಯೇ. ಆದರೆ ‘ಸಾಹೇಬ್ರು ಇಲ್ಲ’ ಅಂದಾಗ ಎಲ್ಲಿಗೆ ಹೋಗಿದ್ದಾರೆ ಅಂತ ಕೇಳಬಹುದಿತ್ತು. ‘ಸರ್ವರ್ ಇಲ್ಲ’ ಅಂದಾಗಲೂ ಹಾಗೇ ಕೇಳುವುದನ್ನು ನಾವು ಕಲಿಯಬೇಕು.

ಏನು ಕೇಳಬೇಕು? ನಾನು ನಮ್ಮೂರಲ್ಲಿ ಹೇಳಿಕೊಟ್ಟದ್ದನ್ನೇ ಇಲ್ಲಿ ಬರೆಯುತ್ತೇನೆ.

ಮೊದಲು ನಿಮ್ಮ ಫೋನ್ ನೋಡಿ. ಸಿಗ್ನಲ್ ಇದೆಯಾ, ವಾಟ್ಸಾಪ್ ಹೋಗುತ್ತಿದೆಯಾ? ಇಲ್ಲವಾದರೆ ಅದು ಟವರಿನ ಸಮಸ್ಯೆ ಇರಬಹುದು. ಇದ್ದರೆ ಪಕ್ಕದೂರಿನ ಅಂಗಡಿಯಲ್ಲಿ ರೇಷನ್ ಕೊಡುತ್ತಿದ್ದಾರಾ ಅಂತ ಒಂದು ಫೋನ್ ಮಾಡಿ. ಅಲ್ಲಿ ಕೊಡುತ್ತಿದ್ದು ಇಲ್ಲಿ ಇಲ್ಲ ಅಂದರೆ ಸಮಸ್ಯೆ ಇಲ್ಲಿಯದೇ. ಎಲ್ಲೂ ಇಲ್ಲವಾದರೆ ಮಾತ್ರ ಮೇಲಿನದು.

ಎರಡನೆಯದು, ಮಷೀನಿನಲ್ಲಿ ಬಂದ ಸಂದೇಶ ತೋರಿಸಿ ಅನ್ನಿ. ನಂಬರು ಇದ್ದರೆ ಬರೆದುಕೊಳ್ಳಿ. 300 ಅಂದರೆ ಬೆರಳು ಹೊಂದಿಲ್ಲ. 330 ಅಂದರೆ ನಿಮ್ಮ ಆಧಾರ್‌ನ ಬಯೋಮೆಟ್ರಿಕ್ ಲಾಕ್ ಆಗಿದೆ. ಎರಡೂ ಸರ್ವರ್ ಸಮಸ್ಯೆಯಲ್ಲ. ಬೇರೆ ಬೆರಳು ಇಡಿ, ಕಣ್ಣಿನ ಅಥವಾ ಒಟಿಪಿ ವ್ಯವಸ್ಥೆ ಇದೆಯಾ ಕೇಳಿ. ವಯಸ್ಸಾದವರ ಆಧಾರ್‌ಗೆ ಮನೆಯವರ ಫೋನ್ ನಂಬರು ಜೋಡಿಸಿ, ಬೆರಳಿನ ಗುರುತು ಹೊಸದಾಗಿ ಕೊಡಿಸಿ.

ಮೂರನೆಯದು, ದಿನಾಂಕ, ಗಂಟೆ ಬರೆದಿಡಿ. ‘ಎರಡು ಮೂರು ದಿನದಿಂದ ಆಗ್ತಿಲ್ಲ ಸಾರ್’ ಅಂದರೆ ಯಾವ ಅಧಿಕಾರಿಯೂ ಕಿವಿಗೊಡುವುದಿಲ್ಲ. ‘ಇಂಥ ದಿನ ಬೆಳಿಗ್ಗೆ 10.20ಕ್ಕೆ, ಇಂಥ ನಂಬರು ಬಂತು’ ಅಂದರೆ ಕೇಳಲೇಬೇಕಾಗುತ್ತದೆ. ನಮ್ಮ ಕೆಲಸವಿಡೀ ನಿಂತಿರುವುದು ಇದೊಂದರ ಮೇಲೆ. ರೇಷನ್ ದೂರಿಗೆ 1967, ಆಧಾರ್‌ಗೆ 1947. ನಮ್ಮ ಸ್ವಾತಂತ್ರ್ಯದ ಇಸವಿ, ಮರೆಯುವುದಿಲ್ಲ.

ನಾಲ್ಕನೆಯದು, ಪ್ರಮಾಣಪತ್ರದಂಥ ಅರ್ಜಿಗಳಿಗೆ ಸಕಾಲ ಸಂಖ್ಯೆ ಇಲ್ಲದೆ ವಾಪಸ್ ಬರಬೇಡಿ. 2011ರ ಸಕಾಲ ಕಾಯ್ದೆಯ ಪ್ರಕಾರ ತಡವಾದರೆ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿವರೆಗೆ ಪರಿಹಾರ ಕೇಳಬಹುದು. ಆದರೆ ದಿನದ ಲೆಕ್ಕ ಶುರುವಾಗುವುದು ಅರ್ಜಿ ಒಳಗೆ ಹೋಗಿ ಸಂಖ್ಯೆ ಹುಟ್ಟಿದ ಮೇಲೆ. ‘ಸರ್ವರ್ ಬಂದ ಮೇಲೆ ಬನ್ನಿ’ ಅಂತ ಬಾಗಿಲಲ್ಲೇ ಕಳಿಸಿದರೆ ಆ ದಿನಗಳು ಯಾರ ಲೆಕ್ಕಕ್ಕೂ ಬರುವುದಿಲ್ಲ. ಇಲಾಖೆಯ ವರದಿಯಲ್ಲಿ ಎಲ್ಲ ಸಕಾಲದಲ್ಲೇ ಆಗಿರುತ್ತದೆ. ಹಾಗಾಗಿ ಕೈಬರಹದ ಅರ್ಜಿಯಾದರೂ ಕೊಟ್ಟು ಸೀಲು ಹಾಕಿಸಿಕೊಳ್ಳಿ.

ಆ ಕೆಲಸ ಬಿಟ್ಟು ನಾನೀಗ ಊರಿಗೆ ಬಂದಿದ್ದೇನೆ. ಅಂಗಡಿಯವರಿಗೆ ಸುತ್ತೋಲೆಯ ಪ್ರತಿಯೊಂದನ್ನು ಕೊಟ್ಟೆ. ಮೊದಲು ಸಿಡುಕಿದರು. ‘ನಮಗೂ ಸಾಕಾಗಿದೆ ಕಣಮ್ಮ, ಜನ ನಮ್ಮನ್ನೇ ಬೈತಾರೆ’ ಅಂದರು. ಅದೂ ನಿಜವೇ. ಬೈಸಿಕೊಳ್ಳುವವರು ಕೊನೆಯ ಕಿಟಕಿಯಲ್ಲಿ ಕೂತವರು. ಈಗ ಅಂಗಡಿಯ ಮೊಳೆಗೆ ಒಂದು ನೋಟ್‌ಬುಕ್ಕು, ದಾರ ಕಟ್ಟಿದ ಪೆನ್ನು ನೇತುಹಾಕಿದ್ದೇವೆ. ವಾಪಸ್ ಹೋಗುವವರು ದಿನಾಂಕ, ಗಂಟೆ, ಕಾರಣ ಬರೆದೇ ಹೋಗಬೇಕು. ಬರೆಯಲು ಬಾರದವರಿಗೆ ಹೈಸ್ಕೂಲಿನ ಹುಡುಗರು ಬರೆದುಕೊಡುತ್ತಾರೆ. ಎರಡು ಪುಟ ತುಂಬಿದೆ. ತುಂಬಿದ ಪುಟದ ಫೋಟೋ ತೆಗೆದು ತಾಲ್ಲೂಕಿನ ಆಹಾರ ನಿರೀಕ್ಷಕರಿಗೆ ಕಳಿಸುತ್ತೇವೆ. ಈಗ ಸಿಮ್ಮಿಗೆ ಡೇಟಾ ಮುಗಿಯುವ ಮೊದಲೇ ರೀಚಾರ್ಜು ಆಗುತ್ತಿದೆ. ಆ ತಿಂಗಳು ಅಕ್ಕಿ ಸಿಗದ ಅಜ್ಜಿಯ ಹೆಸರು ಮೊದಲ ಸಾಲಿನಲ್ಲಿದೆ. ಆಕೆಗೆ ಈಗ ಪುಸ್ತಕದಲ್ಲಿ ಬರೆದುಕೊಂಡು ಕೊಡುತ್ತಿದ್ದಾರೆ.

ನಿಮ್ಮೂರಲ್ಲೂ ಒಂದು ನೋಟ್‌ಬುಕ್ಕು ನೇತುಹಾಕಿ. ಮೊದಲ ಪುಟ ತುಂಬಿದಾಗ ಫೋಟೋ ತೆಗೆದು ನಮಗೂ ಕಳಿಸಿ. ಬೇರೆ ಬೇರೆ ಊರಿನ ಪುಟಗಳನ್ನು ಒಟ್ಟಿಗಿಟ್ಟು ನೋಡಿದರೆ ಯಾವ ದಿನ ಎಲ್ಲಿ ಕಡಿದಿತ್ತು ಅಂತ ನಾವೇ ಹೇಳಬಹುದು.